ಕೆಂಪು ಟೇಪು ಸುತ್ತಿದ ಹಸಿರು ತಂತಿ

ಹೋದ ವರ್ಷದ ಮಾತು. ನವರಾತ್ರಿ ಮುಗಿದಿತ್ತು, ದೀಪಾವಳಿಗೆ ಇನ್ನೂ ಎಂಟು ಹತ್ತು ದಿನ ಇತ್ತು. ಕಾರವಾರದ ಒಂದು ಶಾಲೆಯಲ್ಲಿ ಹಳೆಯ ವಿದ್ಯಾರ್ಥಿಗಳು ಸೇರಿ ಇಟ್ಟುಕೊಂಡಿದ್ದ ಕಾರ್ಯಕ್ರಮಕ್ಕೆ ಮೈಕ್‌ಸೆಟ್ ಹಾಕಲು ನಾನು ಅಂಕೋಲೆಯಿಂದ ಹೋಗಿದ್ದೆ. ಆವತ್ತು ಸಂಜೆ ನಡೆದದ್ದನ್ನು ನೆನೆದರೆ ಈಗಲೂ ನನ್ನ ಎಡಗೈ ಬೆರಳುಗಳು ತಾವಾಗಿಯೇ ಮಡಚಿಕೊಳ್ಳುತ್ತವೆ.

ಮೈಕ್‌ಸೆಟ್ ಅಂದರೆ ಗಂಡಸರ ಕೆಲಸ ಅಂತ ಎಲ್ಲರ ಲೆಕ್ಕ. ನಮ್ಮ ಮಾಮ, ಅಂದರೆ ತಾಯಿಯ ತಮ್ಮ, ಅಂಕೋಲೆಯಲ್ಲಿ ಮೈಕ್‌ಸೆಟ್ ಅಂಗಡಿ ಇಟ್ಟಿದ್ದರು. ಅವರಿಗೆ ಮಕ್ಕಳಿರಲಿಲ್ಲ. ಹೈಸ್ಕೂಲು ಮುಗಿಸಿದ ನಾನು ವಯರು ಸುತ್ತುತ್ತಾ ಅವರ ಹಿಂದೆ ತಿರುಗಿದೆ, ಅವರು ಹೋದ ಮೇಲೆ ಅಂಗಡಿ ನನ್ನ ಕೈಗೇ ಬಂತು. ಊರಲ್ಲಿ ನನ್ನನ್ನು ಸೌಂಡಕ್ಕ ಅನ್ನುತ್ತಾರೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ ಅಂಗಡಿಯ ಬೋರ್ಡಿನ ಮೇಲೆ ಅದನ್ನೇ ಬರೆಸಿದ್ದೇನೆ.

ನನಗೊಂದು ಸೊಕ್ಕಿತ್ತು. ನನ್ನ ಸ್ಪೀಕರಿನಲ್ಲಿ ಹಂ ಬರಬಾರದು. ಹಂ ಅಂದರೆ, ಯಾರೂ ಮಾತಾಡದೆ ಇರುವಾಗಲೂ ಸ್ಪೀಕರಿನ ಹೊಟ್ಟೆಯಿಂದ 'ಗುಂಯ್' ಅಂತ ಬರುತ್ತಿರುತ್ತದಲ್ಲ, ಆ ಸದ್ದು. ಬೇರೆ ಮೈಕ್‌ಸೆಟ್ಟಿನವರು ಅದನ್ನು ಸೊಳ್ಳೆಯ ಹಾಗೆ ಸಹಿಸಿಕೊಳ್ಳುತ್ತಾರೆ. ನನಗೆ ಮಾತ್ರ ಅದು ಕೇಳಿದರೆ ಮೈ ಉರಿಯುತ್ತಿತ್ತು. "ಸೌಂಡಕ್ಕನ ಸೆಟ್ಟು ಅಂದ್ರೆ ಆನ್ ಅದೆಯೋ ಆಫ್ ಅದೆಯೋ ಗೊತ್ತೇ ಆಗುದಿಲ್ಲ" ಅಂತ ಜನ ಹೇಳಿದಾಗ ನಾನು ಒಂದು ಗೇಣು ಎತ್ತರ ಆಗುತ್ತಿದ್ದೆ.

ಆವತ್ತಿನ ಕಾರ್ಯಕ್ರಮ ಲಲಿತಾ ಅಕ್ಕೋರದು. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರಿಗೆ ಅಕ್ಕೋರು ಅನ್ನುತ್ತೇವೆ. ಅಂಕೋಲೆಯಲ್ಲಿ ಮೂರನೇ ಇಯತ್ತೆಯಲ್ಲಿ, ಅಂದರೆ ಮೂರನೇ ಕ್ಲಾಸಿನಲ್ಲಿ, ನನಗೆ ಮಗ್ಗಿ ಬಾಯಿಪಾಠ ಮಾಡಿಸಿದವರು ಅವರೇ. ಆಮೇಲೆ ಕಾರವಾರದ ಈ ಶಾಲೆಗೆ ವರ್ಗವಾಗಿ ಬಂದು ಇಲ್ಲೇ ನಿವೃತ್ತರಾದರು. ಮನೆ ಕೋಡಿಬಾಗದಲ್ಲಿ, ಸಮುದ್ರಕ್ಕೆ ಹತ್ತಿರ. ಮನೆಮಾತು ಕೊಂಕಣಿ. ಅವರ ಅಣ್ಣ ಹಿಂದೆ ಆರ್ಕೆಸ್ಟ್ರಾದಲ್ಲಿ ಎಲೆಕ್ಟ್ರಿಕ್ ಮ್ಯಾಂಡೊಲಿನ್ ಬಾರಿಸುತ್ತಿದ್ದರು. ಅಣ್ಣ ತೀರಿಕೊಂಡಾಗ ಆ ಮ್ಯಾಂಡೊಲಿನ್ನೂ, ಅದರ ಪೆಟ್ಟಿಗೆಯಂಥ ಆಂಪ್ಲಿಫೈಯರೂ ಅಕ್ಕೋರ ಪಾಲಿಗೆ ಬಂದವು. ನಿವೃತ್ತರಾದ ಮೇಲೆ ಹಟ ಹಿಡಿದು ಬಾರಿಸಲು ಕಲಿತರು. ಬಾರಿಸುತ್ತಲೇ ಹಾಡುತ್ತಾರೆ. ಕಲಿಸಿದ ಹಳೆಯ ಮಕ್ಕಳ ಮುಂದೆ ಅಂದು ಮೊದಲ ಸಲ ಕೂರುವವರಿದ್ದರು.

ಮಧ್ಯಾಹ್ನ ಮೂರಕ್ಕೆ ನಾನು ಸ್ಪೀಕರು ನಿಲ್ಲಿಸಿ ಮುಗಿಸುವ ಹೊತ್ತಿಗೆ ಅಕ್ಕೋರು ರಿಕ್ಷಾದಲ್ಲಿ ಬಂದಿಳಿದರು. ಕೈಯಲ್ಲಿ ಮ್ಯಾಂಡೊಲಿನ್, ಕಾಲ ಬಳಿ ಆ ಆಂಪ್ಲಿಫೈಯರ್.

"ಅಕ್ಕೋರೆ, ಈ ಪೆಟ್ಟಿಗೆ ಎಂತಕ್ಕೆ ತಂದ್ರಿ? ನನ್ನ ಸ್ಪೀಕರ್ ಅದೆಯಲ್ಲ" ಅಂದೆ.

"ನಿನ್ನ ಸ್ಪೀಕರ್ ಜನರಿಗೆ. ಇದು ನನಗೆ. ಪಕ್ಕದಲ್ಲಿ ಇದು ಇದ್ರೆ ಅಣ್ಣ ಕೂತ ಹಾಗೆ ಆಗ್ತದೆ" ಅಂದರು.

ಆ ಪೆಟ್ಟಿಗೆ ನನಗೆ ಹೊಸದಲ್ಲ. ಅಕ್ಕೋರ ಅಣ್ಣ ಇದ್ದಾಗ ಒಮ್ಮೆ ಅದನ್ನು ಹಂ ಬರುತ್ತದೆ ಅಂತ ನನ್ನ ಅಂಗಡಿಗೇ ತಂದಿದ್ದರು. ಅರ್ಧ ಗಂಟೆಯಲ್ಲಿ ಸರಿ ಮಾಡಿ ಕೊಟ್ಟಿದ್ದೆ. "ಕೈಗುಣ ಅಂದ್ರೆ ಇದು" ಅಂತ ಹೊಗಳಿ ಹೋಗಿದ್ದರು. ಅದನ್ನು ನೆನೆದು ಖುಷಿಯಿಂದಲೇ ಪೆಟ್ಟಿಗೆಯನ್ನು ವೇದಿಕೆಗೆ ಎತ್ತಿಟ್ಟೆ.

ಇಲ್ಲಿ ಒಂದು ಸಣ್ಣ ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಮ್ಯಾಂಡೊಲಿನ್ನಿನ ವಯರನ್ನು ನೇರವಾಗಿ ಮಿಕ್ಸರಿಗೆ, ಅಂದರೆ ಎಲ್ಲ ದನಿ ಕೂಡಿಸಿ ಸ್ಪೀಕರಿಗೆ ಕಳಿಸುವ ನನ್ನ ಯಂತ್ರಕ್ಕೆ, ಚುಚ್ಚಿದರೆ ದನಿ ಕೆಡುತ್ತದೆ. ನಡುವೆ ಅಂಗೈಯಷ್ಟು ಅಗಲದ ಒಂದು ಲೋಹದ ಡಬ್ಬಿ ಬೇಕು. ಅದಕ್ಕೆ ಡಿಐ ಬಾಕ್ಸ್ ಅಂತ ಹೆಸರು. ವಾದ್ಯದ ವಯರು ಡಬ್ಬಿಗೆ ಬರುತ್ತದೆ. ಅಲ್ಲಿಂದ ಒಂದು ವಯರು ವಾದ್ಯದವರ ಆಂಪ್ಲಿಫೈಯರಿಗೆ, ಇನ್ನೊಂದು ನನ್ನ ಮಿಕ್ಸರಿಗೆ. ಈ ಡಬ್ಬಿಯಲ್ಲಿ ಎರಡು ಜಾತಿ. ಪ್ಯಾಸಿವ್ ಡಬ್ಬಿಗೆ ಕರೆಂಟು ಬೇಡ, ಒಳಗೆ ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಆ್ಯಕ್ಟಿವ್ ಡಬ್ಬಿಗೆ ಕರೆಂಟು ಬೇಕು, ಅದನ್ನು ಮಿಕ್ಸರೇ ವಯರಿನ ಮೂಲಕ ಕಳಿಸುತ್ತದೆ.

ದನಿಯಲ್ಲಿ ಎರಡಕ್ಕೂ ಬಹಳ ವ್ಯತ್ಯಾಸ. ಕೀಬೋರ್ಡಿನಂಥ ಜೋರು ದನಿಯ ವಾದ್ಯಕ್ಕೆ ಪ್ಯಾಸಿವ್ ಡಬ್ಬಿ ಚೆಂದ. ದನಿ ತುಂಬಿಕೊಂಡು, ಸ್ವಲ್ಪ ಮೆತ್ತಗೆ ಬರುತ್ತದೆ. ಆದರೆ ಹಳೆಯ ಮ್ಯಾಂಡೊಲಿನ್ನಿನ ದನಿಗೆ ತ್ರಾಣ ಕಡಿಮೆ. ಅದಕ್ಕೆ ಪ್ಯಾಸಿವ್ ಡಬ್ಬಿ ಭಾರವಾಗುತ್ತದೆ. ತಂತಿಯ ಮೇಲಿನ ಮಿನುಗು ಹೋಗಿ, ಕಂಬಳಿ ಹೊದ್ದು ಮಾತಾಡಿದ ಹಾಗೆ ಕೇಳುತ್ತದೆ. ಆ್ಯಕ್ಟಿವ್ ಡಬ್ಬಿ ಹಾಗಲ್ಲ. ವಾದ್ಯದ ಮೇಲೆ ಭಾರ ಹಾಕದೆ, ಉಗುರು ತಂತಿಗೆ ತಾಗಿದ 'ಟಿಣ್' ಅನ್ನುವ ಚೂಪನ್ನೂ ಹಾಗೆಯೇ ತಂದುಕೊಡುತ್ತದೆ. ನನ್ನ ಚೀಲದಲ್ಲಿ ಎರಡೂ ಇದ್ದವು.

ಮೊದಲು ಆ್ಯಕ್ಟಿವ್ ಡಬ್ಬಿಯನ್ನೇ ಹಾಕಿದೆ. ಅಕ್ಕೋರು ಜಮಖಾನದ ಮೇಲೆ ಚಕ್ಕಳಮಕ್ಕಳ ಕೂತು ಒಂದು ಮೀಟು ಮೀಟಿದರು. ಖಾಲಿ ಸಭಾಂಗಣದ ತುಂಬ ದನಿ ಹರಡಿತು. ಅಕ್ಕೋರ ಮುಖ ಅರಳಿತು. "ಹಾ! ಇದೇ ನೋಡು, ಅಣ್ಣ ಬಾರಿಸ್ತಿದ್ದದ್ದು ಹೀಗೇ" ಅಂದರು.

ಅವರು ಕೈ ತೆಗೆದರು. ಆಗ ಕೇಳಿಸಿತು ನನ್ನ ಶತ್ರು. ಗುಂಯ್.

ಸಾಧಾರಣ ಹಂ ಅಲ್ಲ ಅದು. ದಪ್ಪ, ಒರಟು. ಪೆಟ್ಟಿಗೆಯ ಪ್ಲಗ್ಗು ತೆಗೆದರೆ ಹೋಗುತ್ತಿತ್ತು, ಹಾಕಿದರೆ ಬರುತ್ತಿತ್ತು. ಅಷ್ಟು ಗೊತ್ತಾದ ಮೇಲೆ ಬುದ್ಧಿ ಇದ್ದವಳು ಪೆಟ್ಟಿಗೆಯಲ್ಲಿ ಏನಾಗಿದೆ ಅಂತ ನೋಡಬೇಕಿತ್ತು. ನಾನು ನೋಡಿದ್ದು ನನ್ನ ಚೀಲವನ್ನು. ಪ್ಯಾಸಿವ್ ಡಬ್ಬಿಯಲ್ಲಿ ಒಂದು ಸಣ್ಣ ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಆಂಪ್ಲಿಫೈಯರಿನ ಕಡೆಯ ಅರ್ತಿಗೂ, ಅಂದರೆ ಸೋರಿದ ಕರೆಂಟನ್ನು ಭೂಮಿಗೆ ಒಯ್ಯುವ ತಂತಿಗೂ, ಮಿಕ್ಸರಿನ ಅರ್ತಿಗೂ ಇರುವ ಸಂಬಂಧ ತಪ್ಪುತ್ತದೆ. ಟ್ರಾನ್ಸ್‌ಫಾರ್ಮರ್ ದಾಟಿ ದನಿ ಮಾತ್ರ ಈಚೆ ಬರುತ್ತದೆ, ಹಂ ಆಚೆಯೇ ಉಳಿಯುತ್ತದೆ. ಡಬ್ಬಿ ಬದಲಿಸಿದೆ, ಗುಂಡಿ ಒತ್ತಿದೆ. ಸದ್ದು ಕತ್ತರಿಸಿದ ಹಾಗೆ ನಿಂತಿತು. ನನ್ನ ಸ್ಪೀಕರಿನಲ್ಲಿ ಗಾಳಿಯ ಸದ್ದೂ ಇರಲಿಲ್ಲ.

ಅಕ್ಕೋರು ಮತ್ತೆ ಮೀಟಿದರು. ಹುಬ್ಬು ಗಂಟಿಕ್ಕಿತು.

"ಇದೆಂತ ಸುಮಾ? ನನ್ನ ಮ್ಯಾಂಡೊಲಿನ್ನಿಗೆ ಶೀತ ಆಯ್ತಾ?"

"ಹಂ ಹೋಯ್ತಲ್ಲ ಅಕ್ಕೋರೆ."

"ಹಂ ಹೋಯ್ತು, ಅದರ ಸಂಗ್ತಿಗೆ ದನಿನೂ ಹೋಯ್ತು. ಮೊದಲಿನ ಡಬ್ಬಿ ಹಾಕು."

"ಅದ್ರಲ್ಲಿ ಗುಂಯ್ ಅಂತದೆ. ಜನ ನನ್ನ ನಗ್ತಾರೆ. ನಾ ಮಿಕ್ಸರಲ್ಲಿ ಸ್ವಲ್ಪ ಚೂಪು ಮಾಡ್ತೆ, ತಡೀರಿ."

ಮಾಡಿದೆ. ಆದರೆ ಇಲ್ಲದ ಮಿನುಗನ್ನು ಮಿಕ್ಸರು ಎಲ್ಲಿಂದ ತಂದೀತು? ಕಂಬಳಿಯ ಮೇಲೆ ಜರಿ ಹೊಲಿದ ಹಾಗಾಯಿತು. ಅಕ್ಕೋರು ಇನ್ನೆರಡು ಸಲ ಮೀಟಿದರು. ಆಮೇಲೆ ಎಡಗೈ ಬೆರಳುಗಳನ್ನು ಸೀರೆಗೆ ಒರೆಸಿಕೊಂಡು, "ತಂತಿ ಕಚ್ಚಿದ ಹಾಗೆ ಆಗ್ತದೆ ಮಾರಾಯ್ತಿ. ಮೊದಲಿನ ಡಬ್ಬಿಲಿ ಕಚ್ಚಲಿಲ್ಲ" ಅಂದರು.

ನಾನು ನಕ್ಕೆ. "ಡಬ್ಬಿ ಬದಲು ಮಾಡಿದ್ರೆ ತಂತಿ ಕಚ್ಚುದೆಂತ? ಹೊಸ ತಂತಿ ಹಾಕಿದ್ರಿ ಕಾಣ್ತದೆ" ಅಂದೆ.

ದೇವರೇ, ಅವರು ಅಷ್ಟು ಸ್ಪಷ್ಟವಾಗಿ ಹೇಳಿದ್ದರು. ಮಗ್ಗಿ ಹೇಳಿಕೊಟ್ಟ ಹಾಗೆ ಹೇಳಿದ್ದರು. ನಾನು ನಕ್ಕೆನಲ್ಲ ಅನ್ನುವುದೇ ಈಗಲೂ ನನ್ನನ್ನು ತಿನ್ನುತ್ತದೆ.

ಐದು ಗಂಟೆಗೆ ಜನ ತುಂಬಿದರು. ಶಿರವಾಡದಿಂದ, ಬಿಣಗಾದಿಂದ, ಅಂಕೋಲೆಯಿಂದಲೂ ಹಳೆಯ ಮಕ್ಕಳು ಬಂದಿದ್ದರು. ಅವರಲ್ಲಿ ತಲೆ ನರೆತವರೂ ಇದ್ದರು. ಮುಂದಿನ ಸಾಲಿನಲ್ಲಿ ಲೈನ್‌ಮನ್ ನಾಗೇಂದ್ರ ಕೂತಿದ್ದ. ಅವನೂ ಅಕ್ಕೋರ ಹತ್ತಿರ ಪೆಟ್ಟು ತಿಂದವನೇ, ನನಗೂ ಪರಿಚಯ. ದೀಪ ಹಚ್ಚಿದ್ದಾಯಿತು, ಎರಡು ಭಾಷಣ ಆಯಿತು. ವೇದಿಕೆಯ ಎಡಬದಿಗೆ, ಕೆಳಗೆ, ನಾನು ಮಿಕ್ಸರಿನ ಮುಂದೆ ಎದೆಯುಬ್ಬಿಸಿ ಕೂತಿದ್ದೆ. ಸ್ಪೀಕರು ಅಷ್ಟು ನಿಶ್ಶಬ್ದವಾಗಿತ್ತು.

ಅಕ್ಕೋರು ಮೊದಲು ಬರೀ ಮ್ಯಾಂಡೊಲಿನ್ ಬಾರಿಸಿದರು. ಜನ ಚಪ್ಪಾಳೆ ತಟ್ಟಿದರು. ಇನ್ನು ಹಾಡಬೇಕು. ಮೈಕಿನ ಸ್ಟ್ಯಾಂಡನ್ನು ನಾನು ಅವರ ಬಾಯಿಯಿಂದ ಒಂದು ಮೊಳ ದೂರ ಇಟ್ಟಿದ್ದೆ. ಅಕ್ಕೋರಿಗೆ ಒಂದು ಅಭ್ಯಾಸ ಇದೆ, ಶಾಲೆಯಲ್ಲಿ ಪ್ರಾರ್ಥನೆಯ ಮೈಕಿನ ಮುಂದೆ ನಿಂತು ನಿಂತು ಬಂದದ್ದು. ಮಾತಾಡುವ ಮೊದಲು ಮೈಕಿನ ಕುತ್ತಿಗೆಯನ್ನು ಗಬಕ್ಕನೆ ಹಿಡಿದು ಬಾಯಿಯ ಹತ್ತಿರ ಎಳೆದುಕೊಳ್ಳುತ್ತಾರೆ. ಅವರ ಬಲಗೈ ಮೇಲೆದ್ದಿತು. ನಾನು ದನಿ ಸರಿಹೊಂದಿಸಲು ಸಿದ್ಧಳಾದೆ.

ಕೈ ಅರ್ಧ ದಾರಿಯಲ್ಲಿ ನಿಂತಿತು. ಅಕ್ಕೋರು ನನ್ನ ಕಡೆ ತಿರುಗಿದರು.

"ಇಲ್ಲ ಸುಮಾ" ಅಂದರು. ದೂರದಿಂದಲೇ ಆದರೂ ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು. "ಇದು ನನ್ನ ಅಣ್ಣನ ಮ್ಯಾಂಡೊಲಿನ್ ಅಲ್ಲ. ಇದಕ್ಕೆ ನಾ ಹಾಡುದಿಲ್ಲ. ಮೊದಲಿನ ಡಬ್ಬಿ ಹಾಕು."

ಸಭೆ ಗೊಳ್ಳೆಂದು ನಕ್ಕಿತು. ಹಿಂದಿನಿಂದ ಯಾರೋ, "ಸೌಂಡಕ್ಕ, ಬೆಂಚ್ ಮೇಲೆ ನಿಲ್ಲು!" ಅಂದರು. ನನ್ನ ಕಿವಿ ಕೆಂಪಾಯಿತು. ಇಷ್ಟು ಜನರ ಮುಂದೆ ನನ್ನ ಸೌಂಡಿಗೆ ತಪ್ಪು ಹಾಕಿದರಲ್ಲ! ಮಿಕ್ಸರಿನಲ್ಲಿ ಆ ಚಾನೆಲ್ಲು ಮುಚ್ಚಿ, ಆ್ಯಕ್ಟಿವ್ ಡಬ್ಬಿ ಹಿಡಿದು ದಪದಪ ಮೆಟ್ಟಿಲು ಹತ್ತಿದೆ. ವಯರು ಕೀಳುವ ಮೊದಲು ಪೆಟ್ಟಿಗೆಯ ಸ್ವಿಚ್ಚು ಆರಿಸಬೇಕು ಅನ್ನುವುದು ನಮ್ಮ ಕಸುಬಿನ ಅ ಆ ಇ ಈ. ಸಿಟ್ಟಿನಲ್ಲಿ ಅದು ನೆನಪಾಗಲಿಲ್ಲ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುವುದಿಲ್ಲ ಅಂತ ನಮ್ಮ ಅಜ್ಜಿ ಹೇಳುತ್ತಿದ್ದರು.

ಮೊಣಕಾಲೂರಿ ಕೂತೆ. ಎಡಗೈಯಲ್ಲಿ ಪ್ಯಾಸಿವ್ ಡಬ್ಬಿ ಹಿಡಿದೆ. ಬಲಗೈಯಲ್ಲಿ ಅದಕ್ಕೆ ಚುಚ್ಚಿದ್ದ ಮ್ಯಾಂಡೊಲಿನ್ ವಯರಿನ ಲೋಹದ ತುದಿ ಹಿಡಿದೆ.

ಅಷ್ಟೇ ಗೊತ್ತು. ಆಮೇಲಿನದು ನೋವು ಅಂತ ಹೇಳಲಾರೆ. ಯಾರೋ ಒಳಗಿನಿಂದ ಎರಡೂ ತೋಳು ಹಿಡಿದು ಹಿಂಡಿದ ಹಾಗೆ. ಎದೆ ಕಲ್ಲಾಯಿತು. ಬಿಡಬೇಕು ಅಂದುಕೊಂಡಷ್ಟೂ ಬೆರಳುಗಳು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡವು. ಕಣ್ಣ ಮುಂದೆ ಜಮಖಾನದ ಕೆಂಪು ಪಟ್ಟಿಯೊಂದು ಮಾತ್ರ ಕಾಣುತ್ತಿತ್ತು. ಕಿವಿಯಲ್ಲಿ ಅದೇ ಗುಂಯ್, ಆದರೆ ಸ್ಪೀಕರಿನದಲ್ಲ, ನನ್ನ ತಲೆಯೊಳಗಿನದು. ಕೂತಲ್ಲೇ ಮೈ ಹಿಂದಕ್ಕೆ ವಾಲಿ ಬಿದ್ದೆ. ಬಿದ್ದ ಭಾರಕ್ಕೆ ಡಬ್ಬಿ ಕೈಯಿಂದ ಜಾರಿ ಹೋಯಿತು. ಎಷ್ಟು ಹೊತ್ತು ಹಿಡಿದಿತ್ತೋ? ಎರಡು ಸೆಕೆಂಡು ಇರಬಹುದು ಅಂತ ನಾಗೇಂದ್ರ ಆಮೇಲೆ ಹೇಳಿದ.

ಅಂಗಾತ ಬಿದ್ದಿದ್ದೆ. ಉಸಿರು ಒಳಗೂ ಹೋಗುತ್ತಿರಲಿಲ್ಲ, ಹೊರಗೂ ಬರುತ್ತಿರಲಿಲ್ಲ. ಆದರೆ ತಲೆ ಮಾತ್ರ ವಿಚಿತ್ರವಾಗಿ ತಿಳಿಯಾಗಿತ್ತು. ಒಂದೇ ಗಳಿಗೆಯಲ್ಲಿ ಎಲ್ಲ ಗೊತ್ತಾಯಿತು. ಪೆಟ್ಟಿಗೆಯಲ್ಲಿ ಕರೆಂಟು ಸೋರುತ್ತಿದೆ. ಅದು ವಯರಿನ ಗುಂಟ ಮ್ಯಾಂಡೊಲಿನ್ನಿನ ತಂತಿಗೆ ಬಂದಿದೆ. ಆ್ಯಕ್ಟಿವ್ ಡಬ್ಬಿ ಇದ್ದಾಗ ಆ ಸೋರಿಕೆ ಡಬ್ಬಿಯ ಮೂಲಕ ಮಿಕ್ಸರಿಗೆ, ಮಿಕ್ಸರಿನಿಂದ ಭೂಮಿಗೆ ಹರಿದು ಹೋಗುತ್ತಿತ್ತು. ಹಾಗೆ ಹರಿಯುತ್ತಿದ್ದದ್ದರ ಸದ್ದೇ ಆ ಹಂ. ನಾನು ಗುಂಡಿ ಒತ್ತಿ ಆ ದಾರಿಯನ್ನು ಮುಚ್ಚಿದ್ದೆ. ಈಗ ಅದು ದಾರಿ ಕಾಯುತ್ತಾ ಅಕ್ಕೋರ ಬೆರಳಿನ ಕೆಳಗೆ ನಿಂತಿದೆ. ನಾನು ಹಿಡಿದಿದ್ದ ಡಬ್ಬಿಯ ಮೈಯ ಹಾಗೆ ಮೈಕೂ ಮಿಕ್ಸರಿನ ಅರ್ತಿಗೆ ಸೇರಿದ ಲೋಹ. ಒಂದು ಕೈ ತಂತಿಯ ಮೇಲೆ, ಇನ್ನೊಂದು ಕೈ ಮೈಕಿನ ಮೇಲೆ ಬಂದರೆ ನಡುವೆ ಇರುವುದು ಅಕ್ಕೋರ ಎದೆ.

ಕತ್ತು ಹೊರಳಿಸಿ ನೋಡಿದೆ. ಅಕ್ಕೋರು ಗಾಬರಿಯಿಂದ ಮುಂದಕ್ಕೆ ಬಗ್ಗಿದ್ದರು. ಎಡಗೈ ಮ್ಯಾಂಡೊಲಿನ್ನಿನ ಕುತ್ತಿಗೆಯನ್ನು ತಂತಿ ಸಮೇತ ಬಿಗಿಯಾಗಿ ಹಿಡಿದಿತ್ತು.

"ಅಗೋ ಸುಮಾ! ಕಿತೆಂ ಜಾಲೆಂ ಗೋ?" ಅಂತ ಕೊಂಕಣಿಯಲ್ಲೇ ಕೂಗಿದರು, ಏನಾಯ್ತೇ ಅಂತ. ಅವರು ಸಭೆಯ ಕಡೆ ತಿರುಗಿದರು. ಜನರನ್ನು ಕರೆಯಬೇಕಿತ್ತು ಅವರಿಗೆ. ನಲವತ್ತು ವರ್ಷ ಮೈಕು ಹಿಡಿದ ಕೈ ತಾನಾಗಿಯೇ ಮೇಲೆದ್ದಿತು.

ಮುಟ್ಟಬೇಡಿ ಅಂತ ಕೂಗಿದೆ. ಕೂಗಿದೆ ಅಂದುಕೊಂಡೆ, ಅಷ್ಟೆ. ಬಾಯಿ ತೆರೆದಿತ್ತು, ದನಿ ಇರಲಿಲ್ಲ. ಜನ್ಮವೆಲ್ಲ ಬೇರೆಯವರ ದನಿ ದೊಡ್ಡದು ಮಾಡಿದವಳು ನಾನು, ಆ ಹೊತ್ತಿಗೆ ನನ್ನ ಗಂಟಲಿನಲ್ಲಿ ಒಂದು ಪಿಸುಮಾತೂ ಹುಟ್ಟಲಿಲ್ಲ. ಅಂಥ ಹೆದರಿಕೆ ನನ್ನ ಶತ್ರುವಿಗೂ ಬೇಡ. ಅವರ ಬೆರಳುಗಳು ಮೈಕಿನಿಂದ ಒಂದು ಗೇಣು ದೂರ ಇದ್ದವು. ಬಳೆ ಜಾರಿ ಮೊಣಕೈ ಕಡೆ ಹೋದದ್ದು ನನಗೆ ಈಗಲೂ ಕಾಣುತ್ತದೆ.

ಕೈಗಳಲ್ಲಿ ಶಕ್ತಿ ಇರಲಿಲ್ಲ. ಕಾಲಿತ್ತು. ಬಿದ್ದಲ್ಲಿಂದಲೇ ಬಲಗಾಲು ಬೀಸಿ ಸ್ಟ್ಯಾಂಡಿನ ಬುಡಕ್ಕೆ ಒದ್ದೆ.

ಸ್ಟ್ಯಾಂಡು ಮೈಕಿನ ಸಮೇತ ವೇದಿಕೆಯಿಂದ ಕೆಳಗೆ ಹಾರಿತು. ಸ್ಪೀಕರುಗಳಲ್ಲಿ ಸಿಡಿಲು ಬಡಿದಂಥ ಸದ್ದಾಯಿತು. ಮುಂದಿನ ಸಾಲಿನವರು ಕುರ್ಚಿ ಬಿಟ್ಟು ಎದ್ದರು. "ಇವಳಿಗೆ ಮೈಮೇಲೆ ಬಂತು!" ಅಂತ ಒಬ್ಬರು, "ಫಿಟ್ಸು, ಕಬ್ಬಿಣ ಕೊಡಿ ಕೈಗೆ!" ಅಂತ ಇನ್ನೊಬ್ಬರು. ಅಕ್ಕೋರ ಗಾಬರಿ ಸಿಟ್ಟಿಗೆ ತಿರುಗಿತು.

"ಸುಮಾ! ಎಂತ ಅವತಾರ ಇದು?"

ಅಷ್ಟರಲ್ಲಿ ಉಸಿರು ಬಂತು. "ಪ್ಲಗ್ಗು" ಅಂದೆ. ಮತ್ತೆ, "ಪ್ಲಗ್ಗು ತೆಗೀರಿ." ನಾಗೇಂದ್ರನಿಗೆ ಮಾತ್ರ ಅರ್ಥವಾಯಿತು. ಅವನು ವೇದಿಕೆಗೆ ಹಾರಿ ಗೋಡೆಯ ಸ್ವಿಚ್ಚು ಆರಿಸಿ ಪೆಟ್ಟಿಗೆಯ ಪ್ಲಗ್ಗು ಕಿತ್ತು ಹಾಕಿದ. ಆಮೇಲೆ, "ಅಕ್ಕೋರೆ, ಅದನ್ನ ಕೆಳಗಿಟ್ಟು ದೂರ ಬನ್ನಿ" ಅಂದ. ಅಕ್ಕೋರು ಅವನ ಮುಖ ನೋಡಿ, ಮ್ಯಾಂಡೊಲಿನ್ನನ್ನು ಜಮಖಾನದ ಮೇಲೆ ಮಲಗಿಸಿ ಈಚೆ ಬಂದರು.

ಯಾರೋ ನನ್ನನ್ನು ಗೋಡೆಗೆ ಒರಗಿಸಿ ಕೂರಿಸಿದರು, ನೀರು ಕೊಟ್ಟರು. ಎರಡೂ ಅಂಗೈಯಲ್ಲಿ ಅಕ್ಕಿಕಾಳಿನಷ್ಟು ಬಿಳಿ ಕಲೆ. ಡಾಕ್ಟರ ಹತ್ತಿರ ಹೋಗೋಣ ಅಂದರು. ಹೋಗುತ್ತೇನೆ, ಮೊದಲು ಅದೇನೆಂದು ನೋಡಬೇಕು ಅಂದೆ. ನಾಗೇಂದ್ರ ಎಲ್ಲರನ್ನೂ ದೂರ ನಿಲ್ಲಿಸಿ ಪ್ಲಗ್ಗನ್ನು ಮತ್ತೆ ಹಾಕಿ, ಜೇಬಿನಿಂದ ಟೆಸ್ಟರ್ ತೆಗೆದು ಮ್ಯಾಂಡೊಲಿನ್ನಿನ ತಂತಿಗೆ ತಾಗಿಸಿದ. ಟೆಸ್ಟರು ಕೆಂಪಗೆ ಉರಿಯಿತು. ಅಷ್ಟು ದೂರದಿಂದ ನನಗೂ ಕಂಡಿತು.

ಅಕ್ಕೋರು ತಮ್ಮ ಎಡಗೈ ಬೆರಳುಗಳನ್ನು ನೋಡಿಕೊಳ್ಳುತ್ತಾ ನಿಂತಿದ್ದರು.

ನಾಗೇಂದ್ರ ಪ್ಲಗ್ಗು ತೆಗೆದು ಪೆಟ್ಟಿಗೆಯ ಹಿಂದಿನ ಹಲಗೆ ಬಿಚ್ಚಿದ. ಮಳೆಗಾಲವೆಲ್ಲ ಕೋಡಿಬಾಗದ ಉಪ್ಪುಗಾಳಿ ಕುಡಿದು ಒಳಗಿನ ಟ್ರಾನ್ಸ್‌ಫಾರ್ಮರು ಹಸಿರು ಕಿಲುಬು ಹಿಡಿದಿತ್ತು. ಸೋರಿಕೆ ಅಲ್ಲೇ. "ಸೋರಲಿ, ಇದಕ್ಕೆ ಅರ್ತ್ ಇದ್ರೆ ಯಾರಿಗೂ ಎಂತ ಆಗ್ತಿರ್ಲಿಲ್ಲ" ಅನ್ನುತ್ತಾ ಅವನು ಮೂರು ಪಿನ್ನಿನ ಪ್ಲಗ್ಗನ್ನೂ ಬಿಚ್ಚಿದ. ಒಳಗೆ ಕೆಂಪು ತಂತಿ ಇತ್ತು, ಕರಿ ತಂತಿ ಇತ್ತು. ಅರ್ತಿನ ಹಸಿರು ತಂತಿಯನ್ನು ಯಾರೋ ಪಿನ್ನಿನಿಂದ ಬಿಡಿಸಿ, ಕತ್ತರಿಸಿ, ತುದಿಗೆ ಟೇಪು ಸುತ್ತಿ ಹಿಂದಕ್ಕೆ ಮಡಚಿ ಇಟ್ಟಿದ್ದರು.

"ಯಾವ ಪುಣ್ಯಾತ್ಮ ಮಾಡಿದ್ದೋ ಇದನ್ನ" ಅಂದ ನಾಗೇಂದ್ರ. "ಸಿಕ್ಕಿದ್ರೆ ಕೈ ಮುರೀಬೇಕು."

ಟೇಪು ಕೆಂಪು ಬಣ್ಣದ್ದು. ಎರಡು ಸುತ್ತು ಸುತ್ತಿ, ಕೊನೆಯನ್ನು ಹಲ್ಲಿನಿಂದ ಕಚ್ಚಿ ಹರಿದದ್ದು. ಎಲ್ಲರೂ ಕರಿ ಟೇಪು ಬಳಸುತ್ತಾರೆ. ನಮ್ಮ ಮಾಮ ಒಮ್ಮೆ ಒಂದು ಡಜನ್ ಕೆಂಪು ಟೇಪು ತಂದಿದ್ದರು, ಅದನ್ನು ಖಾಲಿ ಮಾಡಿದವಳು ನಾನು. ಹಂ ಬಂದರೆ ಹಸಿರು ತಂತಿ ತೆಗೆದುಬಿಡು ಅನ್ನುವುದು ಮಾಮ ಕಲಿಸಿದ ಉಪಾಯ. ಅವರಿಗೆ ಇನ್ಯಾರೋ ಕಲಿಸಿದ್ದು. ನಮ್ಮಲ್ಲಿ ಅದೊಂದು ಗುಟ್ಟಿನ ವಿದ್ಯೆಯ ಹಾಗೆ. ಅರ್ತ್ ತೆಗೆದರೆ ಸದ್ದು ನಿಲ್ಲುತ್ತದೆ, ಗಿರಾಕಿ ಹೊಗಳುತ್ತಾನೆ. ಅಕ್ಕೋರ ಅಣ್ಣ ಹೊಗಳಿದ್ದ ಕೈಗುಣ ಅದೇ.

ನಾಗೇಂದ್ರನ ಮಾತಿಗೆ ನಾನು ತಲೆ ಎತ್ತಲಿಲ್ಲ. ಹೇಳಲು ಧೈರ್ಯ ಬರಲಿಲ್ಲ. ಶಾಕು ತಿಂದವಳು ಅಂತ ಎಲ್ಲರೂ ನನ್ನ ಬೆನ್ನು ಸವರುತ್ತಿದ್ದರು, ಅಕ್ಕೋರ ಪ್ರಾಣ ಉಳಿಸಿದೆ ಅಂತ ಒಬ್ಬ ಹೆಂಗಸು ಕಣ್ಣೀರು ಹಾಕಿದಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು.

ಪೆಟ್ಟಿಗೆಯನ್ನು ಹೊರಗೆ ಇಟ್ಟಾಯಿತು. ಕಾರ್ಯಕ್ರಮ ನಿಲ್ಲಿಸೋಣ ಅಂದರು ಎಲ್ಲರೂ. "ಯಾಕೆ ನಿಲ್ಲಿಸ್ಬೇಕು? ನಾ ಹಾಡುಕೆ ಬಂದವಳು" ಅಂದರು ಅಕ್ಕೋರು. ಬಿದ್ದ ಮೈಕನ್ನು ಎತ್ತಿ ನಿಲ್ಲಿಸಿ, ಆ್ಯಕ್ಟಿವ್ ಡಬ್ಬಿ ಹಾಕಿ ಮ್ಯಾಂಡೊಲಿನ್ನನ್ನು ನನ್ನ ಮಿಕ್ಸರಿಗೆ ಮಾತ್ರ ಕೊಟ್ಟೆ. ನಾಗೇಂದ್ರ ಮೂರು ಸಲ ಟೆಸ್ಟರ್ ಹಿಡಿದು ನೋಡಿ ಸೈ ಅಂದ. ಅಕ್ಕೋರು ಮೀಟಿದರು. ಉಗುರಿನ ಚೂಪು, ತಂತಿಯ ಮಿನುಗು, ಎಲ್ಲ ವಾಪಸು ಬಂದಿತ್ತು. ಜನ ತಲೆದೂಗಿದರು. ನನ್ನ ಗಮನ ದನಿಯ ಮೇಲೆ ಇರಲಿಲ್ಲ. ಅವರ ಕೈ ಮೈಕಿನ ಕಡೆ ಹೋದಾಗಲೆಲ್ಲ ನಾನು ಮೇಜಿನ ಅಂಚು ಹಿಡಿದು ಉಸಿರು ಬಿಗಿಹಿಡಿಯುತ್ತಿದ್ದೆ. ಅಕ್ಕೋರು ಒಂಬತ್ತು ಸಲ ಮೈಕು ಹಿಡಿದರು.

ಮುಗಿದ ಮೇಲೆ ಡಾಕ್ಟರು ನೋಡಿ, ಎದೆಯ ಇಸಿಜಿ ತೆಗೆಸಿ, ಸದ್ಯ ಏನೂ ಇಲ್ಲ ಅಂದರು. ಅಕ್ಕೋರು ಜೊತೆಗೇ ಬಂದಿದ್ದರು. ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಕೂತಾಗ ಅವರು ನನ್ನ ಎಡಗೈಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು ಬೆರಳುಗಳನ್ನು ಒಂದೊಂದಾಗಿ ನೀವುತ್ತಿದ್ದರು. ಆ ನೀವುವುದನ್ನು ನನಗೆ ತಡೆಯಲು ಆಗಲಿಲ್ಲ.

"ಅಕ್ಕೋರೆ, ಆ ಹಸಿರು ತಂತಿ ಕತ್ತರಿಸಿದ್ದು ನಾನೇ" ಅಂದೆ.

ನೀವುವ ಕೈ ನಿಂತಿತು. ಅವರು ನನ್ನ ಕಡೆ ನೋಡಲಿಲ್ಲ. ರಸ್ತೆಯ ಆಚೆ ಒಂದು ಬಸ್ಸು ಬಂದು ಜನರನ್ನು ಇಳಿಸಿ ಹೋಯಿತು.

"ಅಣ್ಣ ಅದನ್ನ ಮುಟ್ಟಿ ಎಷ್ಟು ದಿವ್ಸ ಬಾರಿಸಿದ ಆಮೇಲೆ?" ಅಂತ ಕೇಳಿದರು.

"ಮೂರು ವರ್ಷ."

ಅವರ ಅಣ್ಣ ಸತ್ತದ್ದು ಜ್ವರ ಬಂದು, ಅದು ನನಗೂ ಗೊತ್ತು, ಅವರಿಗೂ ಗೊತ್ತು. ಆದರೂ ಆ ಹೊತ್ತು ನಾನು ಸತ್ತು ಬದುಕಿದೆ. ಕಡೆಗೆ ಅಕ್ಕೋರು ಮೂರನೇ ಇಯತ್ತೆಯ ದನಿಯಲ್ಲೇ ಕೇಳಿದರು.

"ಇನ್ನೂ ಎಷ್ಟು ಮನೆಲಿ ಹೀಗೆ ಮಾಡಿದ್ದಿ?"

"ನೆನಪಿಲ್ಲ ಅಕ್ಕೋರೆ."

"ನೆನಪು ಮಾಡ್ಕೊ. ಒಂದು ಪಟ್ಟಿ ಬರಿ. ಪ್ರತಿಯೊಂದರ ಮುಂದೆ ಸರಿ ಗುರ್ತು ಬಿದ್ದ ಮೇಲೆ ನನಗೆ ತಂದು ತೋರಿಸು. ಅಲ್ಲಿ ತನಕ ನನ್ನ ಮನೆಗೆ ಬರೂದು ಬೇಡ."

ಬೈದಿದ್ದರೆ, ಹೊಡೆದಿದ್ದರೆ ಹಗುರಾಗುತ್ತಿತ್ತು. ಅವರು ಹೋಮ್‌ವರ್ಕ್ ಕೊಟ್ಟರು.

ಆ ರಾತ್ರಿಯಿಂದ ಪಟ್ಟಿ ಬರೆಯಲು ಕೂತೆ. ಹಿಲ್ಲೂರಿನ ಭಜನಾ ಮಂಡಳಿಯ ಆಂಪ್ಲಿಫೈಯರು, ಸುಂಕಸಾಳದ ಒಬ್ಬರ ಕೀಬೋರ್ಡ್ ಸ್ಪೀಕರು, ಶಿರವಾಡದ ಒಂದು ಟ್ಯೂಷನ್ ಮನೆ, ನಮ್ಮ ಓಣಿಯ ಗಿಟಾರಿನ ಹುಡುಗಿ. ಹೀಗೆ ಹದಿಮೂರು ಆಯಿತು. ಒಂದೊಂದು ಮನೆಗೂ ಹೋದೆ. ಬಾಗಿಲಲ್ಲಿ ನಿಂತು, "ನಾ ಮಾಡಿದ ಒಂದು ತಪ್ಪು ನಿಮ್ಮ ಪ್ಲಗ್ಗಿನಲ್ಲಿ ಅದೆ, ಸರಿ ಮಾಡಿ ಹೋಗ್ತೆ" ಅಂದೆ. ಕೆಲವರು ಚಾ ಕೊಟ್ಟರು. ಹಿಲ್ಲೂರಿನಲ್ಲಿ ಬಿಚ್ಚಿದಾಗ ಆ ಪೆಟ್ಟಿಗೆಯೂ ಸಣ್ಣಗೆ ಸೋರುತ್ತಿತ್ತು. ಪ್ರತಿ ಶನಿವಾರ ಅದರ ಮುಂದೆ ಎಂಟು ಜನ ತೇವದ ನೆಲದ ಮೇಲೆ ಬರಿಗಾಲಲ್ಲಿ ನಿಂತು ಹಾಡುತ್ತಾರೆ. ಮನೆಗೆ ಬರುವ ದಾರಿಯಲ್ಲಿ ಸ್ಕೂಟರ್ ನಿಲ್ಲಿಸಿ ಸ್ವಲ್ಪ ಹೊತ್ತು ಕೂರಬೇಕಾಯಿತು.

ಈಗ ನನ್ನ ಸ್ಪೀಕರಿನಲ್ಲಿ ಹಂ ಬಂದರೆ ಸಿಟ್ಟು ಬರುವುದಿಲ್ಲ. ಎಲ್ಲಿಂದ ಬರುತ್ತಿದೆ ಅಂತ ಹುಡುಕುತ್ತೇನೆ. ಸದ್ದೇ ಇಲ್ಲದಿದ್ದರೆ ಹೆದರಿಕೆಯಾಗುತ್ತದೆ, ಎದ್ದು ಹೋಗಿ ಪ್ಲಗ್ಗುಗಳನ್ನು ಒಂದೊಂದಾಗಿ ಬಿಚ್ಚಿ ನೋಡುತ್ತೇನೆ. ಜನ ನಗುತ್ತಾರೆ. ನಗಲಿ.

ಹನ್ನೆರಡರ ಮುಂದೆ ಸರಿ ಗುರುತು ಬಿದ್ದಿದೆ. ಹದಿಮೂರನೆಯದು ಒಂದು ನೀಲಿ ಬಣ್ಣದ ಆಂಪ್ಲಿಫೈಯರು, ಪೆಟ್ಟಿಗೆಯ ಹಾಗಿರುವುದು, ಮೇಲೆ ಚರ್ಮದ ಹಿಡಿಕೆ. ಅದನ್ನು ನನ್ನ ಅಂಗಡಿಗೆ ತಂದವನು ಆಮೇಲೆ ಕಾರವಾರದಲ್ಲಿ ಯಾರಿಗೋ ಮಾರಿ ಗೋವೆಗೆ ಹೋದನಂತೆ. ಕೊಂಡವರು ಮತ್ತೆ ಯಾರಿಗೆ ಕೊಟ್ಟರೋ ಗೊತ್ತಿಲ್ಲ. ವರ್ಷದಿಂದ ಕೇಳದವರಿಲ್ಲ, ಸಿಕ್ಕಿಲ್ಲ. ಅಕ್ಕೋರ ಮನೆಗೂ ನಾನಿನ್ನೂ ಹೋಗಿಲ್ಲ.

ಅದಕ್ಕೇ ಇದನ್ನು ಬರೆದೆ. ನಿಮ್ಮ ಮನೆಯಲ್ಲಿ, ನಿಮ್ಮ ಮಂಡಳಿಯಲ್ಲಿ ಅಂಥ ನೀಲಿ ಪೆಟ್ಟಿಗೆ ಇದ್ದರೆ ದಯವಿಟ್ಟು ಗೋಡೆಯಿಂದ ಪ್ಲಗ್ಗು ತೆಗೆದು, ಆ ಪ್ಲಗ್ಗನ್ನು ಬಿಚ್ಚಿ ನೋಡಿ. ಒಳಗೆ ಹಸಿರು ತಂತಿಯ ತುದಿಗೆ ಕೆಂಪು ಟೇಪು ಸುತ್ತಿದ್ದರೆ, ಅದು ನಾನು ಸುತ್ತಿದ್ದು.